ಸೋಸಿದ ನೀಲಿ

ಜನವರಿ 17

ಮರಿ,

ಒಂದು ಮಾತನ್ನು ಬರೆಯದೆ ಬಿಟ್ಟುಬಿಡೋಣ ಎಂದುಕೊಂಡು ಎರಡು ದಿನ ಸುಮ್ಮನಿದ್ದೆ. ಬರೆದೇ ಬಿಡುತ್ತೇನೆ. ನೀನು ನಿನ್ನ ಬ್ಯೂಟಿ ಪಾರ್ಲರಿನಿಂದ ಕಳಿಸಿದ ಸೀಸೆಯನ್ನು ನಮ್ಮ ಪ್ರಯೋಗಾಲಯದಲ್ಲಿ ಯಾರಿಗೂ ಹೇಳದೆ ಪರೀಕ್ಷೆ ಮಾಡಿದೆ. ಮಾತ್ರೆ ಕಂಪನಿಯೊಂದರಿಂದ ಬಂದ ಹದಿನೆಂಟು ಸ್ಯಾಂಪಲ್‌ಗಳ ಸಾಲಿನಲ್ಲಿ ನಿನ್ನದನ್ನು ಹತ್ತೊಂಬತ್ತನೆಯದಾಗಿ ಕೂರಿಸಿದೆ. ಯಾವುದು ಯಾರದ್ದೆಂದು ಯಂತ್ರ ಕೇಳುವುದಿಲ್ಲ. ಮುಖ್ಯಸ್ಥರಿಗೆ ತಿಳಿದರೆ ಇಪ್ಪತ್ತೊಂದು ವರ್ಷದ ಕೆಲಸ ಹೋಗುತ್ತದೆ. ಇದನ್ನು ಹೇಳಿಕೊಳ್ಳುವುದರಲ್ಲಿ ಸ್ವಲ್ಪ ಜಂಭವೂ ಇದೆ ಎಂದು ನನಗೆ ಗೊತ್ತು: ನಿನಗಾಗಿ ಏನೋ ಮಾಡಿದೆ ಎಂದು ತೋರಿಸಿಕೊಳ್ಳುವ ಜಂಭ.

ಮೂರು ವರ್ಷದ ಮೇಲೆ ನಿನ್ನ ಅಕ್ಷರ ನೋಡಿದೆ. ಮೊದಲ ಸಾಲಿನಲ್ಲೇ, 'ತಿದ್ದಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು' ಎಂದು ಬರೆದಿದ್ದೀಯ. ಕಾಯಿಲೆಯಲ್ಲಿದ್ದ ಅಮ್ಮನ ಹಾಸಿಗೆಯ ಪಕ್ಕದಲ್ಲಿ, ಚಿಕ್ಕಮ್ಮನ ಎದುರಿಗೆ, ನಿನ್ನನ್ನು 'ಅರ್ಧಕ್ಕೆ ಬಿಟ್ಟ ನರ್ಸ್' ಎಂದವಳು ನಾನು. ಅದನ್ನು ನೀನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಫೋನಿನಲ್ಲಿ ಮಾತಾಡಿದರೆ ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬರುತ್ತೇವೆ, ಕಾಗದವೇ ವಾಸಿ ಎಂದಿದ್ದೀಯ. ಆಗಲಿ.

ಸೀಸೆಯ ಮೇಲೆ ಬರೆದಿರುವುದೇ ಒಳಗಿದೆಯೇ ಎಂದು ಕೇಳಿದ್ದೀಯ. ಅದೇ ಇದೆ. ತಾಮ್ರ ಸೇರಿದ ಪೆಪ್ಟೈಡ್, ಅಂದರೆ ಪ್ರೋಟೀನಿನ ಒಂದು ಸಣ್ಣ ತುಣುಕು, ಚರ್ಮಕ್ಕೆ ಕಳೆ ಬರುತ್ತದೆಂದು ಮಾರುವುದು. ಶುದ್ಧತೆ ಶೇಕಡಾ 99.1. ಆ ನೀಲಿ ಬಣ್ಣ ತಾಮ್ರದ್ದು, ಯಾರೂ ಶಾಯಿ ಬೆರೆಸಿಲ್ಲ. ಫಲಿತಾಂಶವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಅಭ್ಯಾಸಬಲದಿಂದ ಕೆಳಗೆ 'ಹಿರಿಯ ವಿಶ್ಲೇಷಕಿ' ಎಂದೂ ಬರೆದುಬಿಟ್ಟೆ, ನಗಬೇಡ. ನೀನು ಕಳಿಸಿದ ಎರಡನೆಯ ಸೀಸೆಯನ್ನು ತೆರೆದಿಲ್ಲ, ನನ್ನ ಮೇಜಿನ ಡ್ರಾಯರಿನಲ್ಲಿದೆ.

ನೀನು ಕೇಳದ ಯಾವುದನ್ನೂ ಸೇರಿಸಿಲ್ಲ. ನೋಡು, ಕಲಿಯುತ್ತಿದ್ದೇನೆ.

ನಿನ್ನ ಅಕ್ಕ

ಜನವರಿ 29

ದಶಮಾಂಶದ ಅಕ್ಕನಿಗೆ,

ತೊಂಬತ್ತೊಂಬತ್ತು ಎಂದರೆ ಸಾಲದೇ? ಆ ಪಾಯಿಂಟ್ ಒಂದನ್ನು ಯಾರ ಮನೆಗೆ ಹೊತ್ತುಕೊಂಡು ಹೋಗಲಿ? ತಮಾಷೆ ಮಾಡಿದೆ. ನಿನ್ನ ಹಾಳೆ ಬಂದ ದಿನ ಪಾರ್ಲರಿನ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಅತ್ತೆ. ನೀನು ನನ್ನ ಕೆಲಸವನ್ನು ಕೆಲಸ ಎಂದು ಎಣಿಸಿದ್ದು ಇದೇ ಮೊದಲು.

ಅದಕ್ಕೆ ಫ್ರೇಮ್ ಹಾಕಿಸಿ ದೊಡ್ಡ ಕನ್ನಡಿಯ ಪಕ್ಕದಲ್ಲಿ ತೂಗುಹಾಕಿದ್ದೇನೆ. ಬಂದವರು ಮುಖ ನೋಡಿಕೊಳ್ಳುವ ಮೊದಲು ಅದನ್ನೇ ಓದುತ್ತಾರೆ. ಮೊದಲು ನನಗೇ ಚುಚ್ಚಿಕೊಂಡೆ, ಹೊಟ್ಟೆಯ ಮೇಲೆ, ದಿನಕ್ಕೊಂದರಂತೆ. ನರ್ಸಿಂಗ್ ಓದನ್ನು ಅರ್ಧಕ್ಕೆ ಬಿಟ್ಟರೂ ಸೂಜಿ ಹಿಡಿಯುವುದನ್ನು ಕಲಿತೇ ಬಿಟ್ಟಿದ್ದು. ಒಂದು ವಾರಕ್ಕೇ ಕೆನ್ನೆಯಲ್ಲಿ ಕಳೆ ಬಂದಿದೆ, ನೀನು ನೋಡಬೇಕಿತ್ತು.

ಮಹಡಿಯ ಮೇಲೆ ಒಬ್ಬ ಟೈಲರಮ್ಮ ಇದ್ದಾಳೆ, ಕಿವಿ ಕೇಳಿಸದವಳು. ಅವಳ ಅಂಗಡಿಯಲ್ಲಿ ಎಲ್ಲವೂ ಚೀಟಿಯ ಮೇಲೆ. 'ತೋಳು ಒಂದಿಂಚು ಗಿಡ್ಡ ಮಾಡಿ' ಎನ್ನುವುದರಿಂದ ಹಿಡಿದು 'ಹೇಗಿದ್ದೀರಿ' ಎನ್ನುವವರೆಗೆ ನಾವು ಬರೆದೇ ಕೊಡಬೇಕು, ಅವಳು ಬಾಯಲ್ಲೇ ಉತ್ತರ ಹೇಳುತ್ತಾಳೆ. ಹನ್ನೊಂದು ವರ್ಷದ ಹಿಂದೆ ಬಿಸಿ ಇಸ್ತ್ರಿಪೆಟ್ಟಿಗೆ ಬಿದ್ದು ಕತ್ತಿನ ಮೇಲೆ ಅಂಗೈ ಅಗಲದ ಕಲೆಯಾಗಿದೆ. ಎಂಥ ಸೆಖೆಯಲ್ಲೂ ಕಾಲರಿನ ಕೊನೆಯ ಗುಂಡಿಯವರೆಗೆ ಹಾಕಿಕೊಂಡೇ ಇರುತ್ತಾಳೆ. ಮೊನ್ನೆ ನಿನ್ನ ಹಾಳೆಯನ್ನು ಸಾಲಿನ ಕೆಳಗೆ ಬೆರಳಿಟ್ಟು ಮೂರು ಸಲ ಓದಿದಳು. ಆಮೇಲೆ ಕುರ್ಚಿಯ ಮೇಲೆ ಕೂತು, "ನಿಮ್ಮಕ್ಕ ಸುಳ್ಳು ಬರೆಯೋರ ಥರ ಕಾಣಲ್ಲ. ಹಾಕಿ" ಅಂದಳು.

ಕಲೆಯ ಸುತ್ತ ಸಣ್ಣಸಣ್ಣದಾಗಿ ಆರು ಕಡೆ ಹಾಕಿದೆ. ನೋವಾಯಿತಾ ಎಂದು ಚೀಟಿಯಲ್ಲಿ ಕೇಳಿದರೆ, "ಸೂಜಿ ನನಗೇನು ಹೊಸದಾ?" ಅಂತ ನನ್ನನ್ನೇ ಕೇಳುತ್ತಾಳೆ.

ನಿನ್ನ ಮರಿ

ಫೆಬ್ರವರಿ 12

ಮರಿ,

ಆ ಹಾಳೆಯನ್ನು ಗೋಡೆಯಿಂದ ಇಳಿಸು. ಅದರ ಮೇಲೆ ನನ್ನ ಸಹಿ ಇದೆ, ಹುದ್ದೆ ಇದೆ. ನಮ್ಮ ಮುಖ್ಯಸ್ಥರ ಪರಿಚಯದವರು ಯಾರಾದರೂ ನಿನ್ನ ಪಾರ್ಲರಿಗೆ ಬಂದರೆ ಕಥೆ ಮುಗಿಯಿತು. (ಈ ಕಾರಣವನ್ನು ಬರೆದ ಮೇಲೆ ಇನ್ನೊಮ್ಮೆ ಓದಿಕೊಂಡೆ. ನಿಜವಾದ ಕಾರಣವೇ, ಆದರೆ ಮೊದಲು ಬರೆಯಬೇಕಾದದ್ದು ಇದಾಗಿರಲಿಲ್ಲ.)

ನಿನ್ನ ಸೀಸೆಯನ್ನು ಡ್ರಾಯರಿನಿಂದ ತೆಗೆದು ಮತ್ತೆ ನೋಡಿದೆ. ಲೇಬಲ್ಲಿನ ತಳದಲ್ಲಿ ಸಣ್ಣ ಅಕ್ಷರದಲ್ಲಿ 'ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗೆ ಅಲ್ಲ' ಎಂದಿದೆ. ನಾನಿದನ್ನು ಅಂದೇ ನೋಡಿರಲೇಬೇಕು. ನಮ್ಮಲ್ಲಿರುವ ಪ್ರತಿ ಬಾಟಲಿಯ ಮೇಲೂ ಅದೇ ಮಾತು ಇರುತ್ತದೆ. ಇಡೀ ದಿನ ಅವುಗಳ ಮಧ್ಯೆ ಓಡಾಡುವವಳಿಗೆ ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. ನಿನಗೆ ಹೋಗಬೇಕಿತ್ತು ಎನ್ನಲಾರೆ. ನೀನು ನನ್ನನ್ನು ಕೇಳಿದ್ದೇ ಅದಕ್ಕೆ.

ಇದೇ ವಸ್ತು ಕ್ರೀಮುಗಳಲ್ಲಿ ಬಹಳ ಕಾಲದಿಂದ ಇದೆ. ಆದರೆ ಹಚ್ಚುವುದು ಬೇರೆ, ಚುಚ್ಚುವುದು ಬೇರೆ. ಚರ್ಮ ಒಂದು ಬಾಗಿಲು. ಸೂಜಿ ಬಾಗಿಲು ತಟ್ಟಿ ಒಳಗೆ ಹೋಗುವುದಿಲ್ಲ. ಹೀಗೆ ಚುಚ್ಚಿಕೊಂಡವರಿಗೆ ಮುಂದೆ ಏನಾಯಿತು ಎಂದು ಸರಿಯಾಗಿ ನೋಡಿ ಬರೆದಿಟ್ಟದ್ದು ಏನಾದರೂ ಇದೆಯೇ ಎಂದು ಹುಡುಕಿದೆ. ನಂಬುವಂಥದ್ದು ಸಿಗಲಿಲ್ಲ. ನಿನ್ನ ಹತ್ತಿರ ಈಗಿರುವ ಸೀಸೆಗಳು ಮುಗಿದ ಮೇಲೆ ಮತ್ತೆ ತರಿಸಬೇಡ. ಇಷ್ಟು ತಿದ್ದುವುದಕ್ಕೆ ಅಪ್ಪಣೆ ಉಂಟಲ್ಲ?

ಇನ್ನೊಂದು ವಿಷಯವಿತ್ತು. ದೊಡ್ಡದೇನಲ್ಲವೇನೋ. ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಅಕ್ಕ

ಮಾರ್ಚ್ 3

ಅಕ್ಕನವರಿಗೆ ನಮಸ್ಕಾರ.

ನಾನು ನಿಮ್ಮ ತಂಗಿಯವರ ಪಾರ್ಲರಿನ ಮೇಲಿನ ಟೈಲರ್. ನಿಮ್ಮ ವಿಳಾಸವನ್ನು ಅವರಿಂದಲೇ ತೆಗೆದುಕೊಂಡೆ. ನನಗೆ ಕಿವಿ ಕೇಳಿಸುವುದಿಲ್ಲ, ಹಾಗಾಗಿ ಫೋನೂ ಇಟ್ಟುಕೊಂಡಿಲ್ಲ. ಬರೆದದ್ದೇ ನನಗೆ ಮಾತು. ಜನ ಬಾಯಲ್ಲಿ ಏನೋ ಹೇಳಿ ಆಮೇಲೆ ಹಾಗಂದಿಲ್ಲ ಎನ್ನುತ್ತಾರೆ. ಚೀಟಿ ಹಾಗೆ ಮಾಡುವುದಿಲ್ಲ. ಅದಕ್ಕೇ ನಿಮ್ಮ ಹಾಳೆ ನೋಡಿ ನನಗೆ ಧೈರ್ಯ ಬಂತು.

ನಿಮಗೆ ಕೃತಜ್ಞತೆ ಹೇಳಬೇಕೆಂದು ಬರೆಯುತ್ತಿದ್ದೇನೆ. ಕತ್ತಿನ ಕಲೆ ಮೆತ್ತಗಾಗಿದೆ. ಊರಿನವರಿಗೆಲ್ಲ ಹೊಲಿದುಕೊಟ್ಟೆ, ನನಗೆಂದು ತೆರೆದ ಕತ್ತಿನ ಅಂಗಿಯನ್ನು ಹನ್ನೊಂದು ವರ್ಷದಿಂದ ಹೊಲಿದುಕೊಂಡಿರಲಿಲ್ಲ. ಹೋದ ತಿಂಗಳು ಒಂದು ಹೊಲಿದುಕೊಂಡೆ. ಹಾಕಿಕೊಂಡು ಕೆಳಗೆ ಇಳಿದಾಗ ನಿಮ್ಮ ತಂಗಿ ಕೈಯಲ್ಲಿದ್ದ ಬಾಚಣಿಗೆ ಬೀಳಿಸಿ ಚಪ್ಪಾಳೆ ತಟ್ಟಿದರು.

ಒಂದು ಮಾತು ಕೇಳಬೇಕು. ಹತ್ತು ದಿನದಿಂದ ಸೂಜಿ ಹಾಕಿದ ಒಂದು ಕಡೆ ಗಂಟು ಎದ್ದಿದೆ. ಅಂಗಿಯ ಗುಂಡಿಯಷ್ಟು ಇದೆ. ಬಣ್ಣ ನೇರಳೆ. ಅಷ್ಟೇನೂ ನೋವಿಲ್ಲ. ಮೊನ್ನೆ ಪಕ್ಕದಲ್ಲಿ ಇನ್ನೊಂದು ಶುರುವಾಗಿದೆ. ನಿಮ್ಮ ತಂಗಿ ಚೀಟಿಯಲ್ಲಿ 'ಔಷಧ ಒಳಗೆ ಕೂತು ಕೆಲಸ ಮಾಡುತ್ತಿದೆ' ಎಂದು ಬರೆದುಕೊಟ್ಟರು. ಅದು ನಿಜವೇ? ನೀವು ಹೌದು ಎಂದು ಬರೆದರೆ ಸಾಕು, ಮತ್ತೆ ಕೇಳುವುದಿಲ್ಲ. ಸೂಜಿ ಹಾಕಿಸಿಕೊಳ್ಳುವುದನ್ನು ನಿಲ್ಲಿಸಿಲ್ಲ.

ಇಂತಿ,
ಮಹಡಿಯ ಟೈಲರ್

ಮಾರ್ಚ್ 15

ಮರಿ,

ನಿನ್ನ ಟೈಲರಮ್ಮ ನನಗೆ ಬರೆದಿದ್ದಾರೆ. ಆ ಕಾಗದ ಒಂಬತ್ತು ದಿನದಿಂದ ನನ್ನ ಕೈಚೀಲದಲ್ಲಿದೆ. ಉತ್ತರ ಬರೆಯಲು ಕೂತರೆ ಮೊದಲ ವಾಕ್ಯವೇ ಹೊರಡುವುದಿಲ್ಲ. ಹೌದು ಎನ್ನಲಾರೆ. ಇಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಇದು ಧೈರ್ಯದ ಕೆಲಸವಲ್ಲ ಎಂದು ಗೊತ್ತು.

ಎಲ್ಲವನ್ನೂ ನಿಲ್ಲಿಸು. ಅವರಿಗೂ, ನಿನಗೂ, ಇನ್ಯಾರಿಗಾದರೂ ಹಾಕುತ್ತಿದ್ದರೆ ಅವರಿಗೂ. 'ಒಳಗೆ ಕೂತು ಕೆಲಸ ಮಾಡುತ್ತಿದೆ' ಎಂದು ನಿನಗೆ ಯಾರು ಹೇಳಿದರು? ನಿನಗೆ ಸೀಸೆ ಮಾರುವವರೇ? ವಾರಗಟ್ಟಲೆ ಕಳೆದ ಮೇಲೆ ಏಳುವ ಗಂಟು ಒಳ್ಳೆಯ ಲಕ್ಷಣವಲ್ಲ. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಯಾವ ಸೂಜಿ, ಎಂದಿನಿಂದ, ಎಷ್ಟು ಸಲ ಎಂದು ಒಂದೂ ಬಿಡದೆ ಹೇಳು. ಡಾಕ್ಟರಿಗೆ ಹೇಳದೆ ಉಳಿಸಿದ್ದು ಮೈಯಲ್ಲೇ ಉಳಿಯುತ್ತದೆ.

ನಿನಗೇನೂ ಆಗಿಲ್ಲ ತಾನೇ? ಅದನ್ನು ನೀನು ಬರೆದಿಲ್ಲ.

ಅಕ್ಕ

ಏಪ್ರಿಲ್ 2

ಅಕ್ಕ,

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ, ಒಂದಲ್ಲ, ಎರಡು ಸಲ. ಮೊದಲು ಕೊಟ್ಟ ಮಾತ್ರೆ ಹತ್ತು ದಿನ, ಆಮೇಲೆ ಬೇರೆ ಮಾತ್ರೆ. ಎರಡೂ ಹಿಡಿಯಲಿಲ್ಲ. ಈಗ ಐದು ಗಂಟುಗಳಿವೆ. ಒಂದು ಒಡೆದು ಸೋರುತ್ತಿದೆ. ಅವಳು ಮತ್ತೆ ಕಾಲರಿನ ಅಂಗಿಗೇ ಬಂದಿದ್ದಾಳೆ.

ಏನಾಯಿತು ಎಂದು ಡಾಕ್ಟರ್ ಕೇಳಿದರು. ಅವಳಿಗೆ ಕೇಳಿಸುವುದಿಲ್ಲವಲ್ಲ, ಅವಳ ಪರವಾಗಿ ನಾನೇ ಮಾತಾಡಿದೆ. ಹಳೆಯ ಸುಟ್ಟ ಗಾಯದ ಮೇಲೆ ಕುರು ಎದ್ದಿದೆ ಎಂದೆ. "ಈಚೆಗೆ ಏನಾದ್ರೂ ಚುಚ್ಚಿಸ್ಕೊಂಡಿದಾರಾ?" ಅಂತ ಕೇಳಿದರು. ಇಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳಿಗಾಗಿ ಏನೋ ವಾದ ಮಾಡುತ್ತಿದ್ದೇನೆ ಎಂದುಕೊಂಡಳೋ ಏನೋ, ನಕ್ಕು ನನ್ನ ಕೈ ಹಿಡಿದುಕೊಂಡಳು.

ನನ್ನನ್ನು ಬೈಯುವ ಮೊದಲು ಒಂದು ಹೇಳು. ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂದು ಶುದ್ಧ ಎಂದವಳು ನೀನು. ಹಾಗಾದರೆ ಈ ಹೊಲಸು ಎಲ್ಲಿಂದ ಬಂತು? ನೀನು ಲೆಕ್ಕ ಒಪ್ಪಿಸದ ಆ ಪಾಯಿಂಟ್ ಒಂಬತ್ತರಲ್ಲಿ ಅಡಗಿ ಕೂತಿತ್ತಾ? ನಾನು ಕೈ ತೊಳೆದೇ ಹಾಕಿದ್ದೇನೆ. ಪ್ರತಿ ಸಲ ಹೊಸ ಸೂಜಿ. ಅಷ್ಟರ ಮಟ್ಟಿಗೆ ಪೂರ್ತಿ ನರ್ಸ್ ನಾನು.

ನನ್ನ ಹೊಟ್ಟೆಯ ಮೇಲೂ ಎರಡಿವೆ. ಅವಳಿಗೆ ಹೇಳಿಲ್ಲ. ಇವತ್ತಿನವರೆಗೆ ನಿನಗೂ ಹೇಳಿರಲಿಲ್ಲ.

ಮರಿ

ಏಪ್ರಿಲ್ 10

ಮರಿ,

ಪಾಯಿಂಟ್ ಒಂಬತ್ತರಲ್ಲಿ ಇರಲಿಲ್ಲ. ಅದು ಲೆಕ್ಕಕ್ಕೇ ಬರಲಿಲ್ಲ. ಹೇಗೆ ಎಂದು ಹೇಳುತ್ತೇನೆ. ಇದನ್ನು ಜನವರಿಯಲ್ಲೇ ಹೇಳಬೇಕಿತ್ತು.

ನಮ್ಮ ಯಂತ್ರದೊಳಗೆ ಒಂದು ಉಕ್ಕಿನ ಕೊಳವೆ ಇದೆ. ತುಂಬ ಸೂಕ್ಷ್ಮ, ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಹಾಳಾಗುತ್ತದೆ. ಹಾಗಾಗಿ ಯಾವ ದ್ರವವನ್ನೇ ಆಗಲಿ ಅದಕ್ಕೆ ಕೊಡುವ ಮೊದಲು ಸೋಸುತ್ತೇವೆ. ನಾಣ್ಯದಷ್ಟು ಅಗಲದ ಬಿಲ್ಲೆಯೊಂದನ್ನು ಸಿರಿಂಜಿನ ಬಾಯಿಗೆ ಸಿಕ್ಕಿಸಿ ಒತ್ತಬೇಕು. ಅದರ ರಂಧ್ರಗಳು ಎಷ್ಟು ಸಣ್ಣವೆಂದರೆ ರೋಗಾಣುಗಳೂ ದಾಟುವುದು ಕಷ್ಟ. ಇದು ನನ್ನ ಕೈಗೆ ಎಷ್ಟು ರೂಢಿಯಾಗಿದೆ ಎಂದರೆ, ಮಾಡಿದೆ ಎನ್ನುವ ನೆನಪೂ ಉಳಿಯುವುದಿಲ್ಲ.

ಆದರೆ ಅಂದಿನದು ನೆನಪಿದೆ. ನಿನ್ನ ನೀಲಿ ನೀರು ಸರಾಗವಾಗಿ ಇಳಿಯಬೇಕಿತ್ತು. ಅರ್ಧಕ್ಕೆ ನಿಂತುಹೋಯಿತು. ಎರಡೂ ಹೆಬ್ಬೆರಳಿನಿಂದ ಒತ್ತಿದರೂ ಅಲ್ಲಾಡಲಿಲ್ಲ. ಬಿಲ್ಲೆ ಕಟ್ಟಿಕೊಂಡಿತ್ತು. ತೆಗೆದು ಬುಟ್ಟಿಗೆಸೆದು ಹೊಸದನ್ನು ಹಾಕಿ ಉಳಿದದ್ದನ್ನು ಸೋಸಿದೆ. ಯಂತ್ರ ಕೊಟ್ಟ ಅಂಕಿ ಸರಿಯಾಗಿಯೇ ಇತ್ತು. ಆದರೆ ಅದು ಸೋಸಿದ ನೀರಿನ ಅಂಕಿ. ನಿನಗೆ ಬೇಕಾಗಿದ್ದ ಉತ್ತರ ನಾನು ಎಸೆದ ಬಿಲ್ಲೆಯಲ್ಲಿತ್ತು.

ಅದರಲ್ಲಿ ಇದ್ದದ್ದು ರೋಗಾಣುವೋ, ಬಿರಡೆಯ ರಬ್ಬರಿನ ಚೂರೋ, ಕರಗದ ಪುಡಿಯೋ ನನಗೆ ಗೊತ್ತಿಲ್ಲ. ನೋಡಲಿಲ್ಲ. ಸೀಸೆಯಲ್ಲಿ ಸೂಕ್ಷ್ಮಜೀವಿ ಇದೆಯೇ ಎಂದು ನೋಡುವುದು ಬೇರೆಯೇ ಪರೀಕ್ಷೆ, ಬೇರೆ ಕೋಣೆಯಲ್ಲಿ ಮಾಡುತ್ತಾರೆ, ಹದಿನಾಲ್ಕು ದಿನ ಹಿಡಿಯುತ್ತದೆ. ಅದನ್ನು ಕದ್ದು ಮಾಡಲು ಬರುವುದಿಲ್ಲ. ನೀನು ಕೇಳಿದ್ದು 'ಒಳಗಿರುವುದು ಅದೇನಾ' ಎಂದು ಮಾತ್ರ. ನಾನು ಅದಕ್ಕೆ ಮಾತ್ರ ಉತ್ತರ ಕೊಟ್ಟು, ತಿದ್ದದೆ ಬಿಟ್ಟೆನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಯಂತ್ರ ಕೆಡಬಾರದೆಂದು ಸೋಸಿದೆ. ನೀವಿಬ್ಬರೂ ಸೋಸದೆ ಚುಚ್ಚಿಕೊಂಡಿರಿ.

ಇಂಥ ಗಂಟುಗಳನ್ನು ನಿಧಾನಕ್ಕೆ ಬೆಳೆಯುವ ಕೆಲವು ರೋಗಾಣುಗಳು ಎಬ್ಬಿಸುತ್ತವೆ. ಮಾಮೂಲಿ ಮಾತ್ರೆಗೆ ಬಗ್ಗುವುದಿಲ್ಲ. ಹೇಳಿ ಮಾಡಿಸದ ಹೊರತು ಮಾಮೂಲಿ ಕೀವಿನ ಪರೀಕ್ಷೆಯಲ್ಲೂ ಸಿಗದೆ ಹೋಗಬಹುದು. ಇದು ಅದೇ ಎಂದು ನಾನು ಹೇಳಲಾರೆ. ಆದರೆ ನೀನು 'ಇಲ್ಲ' ಎಂದಿರುವಾಗ ಡಾಕ್ಟರ್ ಆ ದಿಕ್ಕಿಗೆ ತಿರುಗಿ ನೋಡುವುದಾದರೂ ಹೇಗೆ?

ಟೈಲರಮ್ಮನಿಗೆ ನೀನೇ ಬರೆದು ತೋರಿಸು. ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ತಿರ ಹೋಗಿ. ಏಪ್ರಿಲ್ 25ರವರೆಗೆ ಕಾಯುತ್ತೇನೆ. ಅಷ್ಟರಲ್ಲಿ ಹೇಳಿದೆ ಎಂದು ನಿನ್ನಿಂದ ಕಾಗದ ಬಾರದಿದ್ದರೆ, ಅಂದು ಅವರಿಗೆ ನಾನೇ ಬರೆದು ಅಂಚೆಗೆ ಹಾಕುತ್ತೇನೆ.

ಅಕ್ಕ

ಏಪ್ರಿಲ್ 18

ಅಕ್ಕ,

ಬರೆಯಬೇಡ. ಕೈಮುಗಿದು ಕೇಳುತ್ತೇನೆ.

ಇದೇ 26, ಶನಿವಾರ, ಅವಳ ಕತ್ತನ್ನು ಕೊಯ್ದು ಗಂಟುಗಳನ್ನು ತೆಗೆಯುತ್ತಾರೆ. ದಿನ ಗೊತ್ತಾಗಿದೆ. ತೆಗೆದ ಮೇಲೆ ಮುಗಿಯಿತಲ್ಲ? ಆಮೇಲೆ ಯಾರು ಯಾರಿಗೆ ಏನು ಹೇಳಬೇಕು? ಹಾಳೆಯನ್ನು ಫ್ರೇಮಿನಿಂದ ತೆಗೆದು ಸುಟ್ಟುಹಾಕಿದ್ದೇನೆ. ಉಳಿದ ಸೀಸೆಗಳನ್ನು ಚರಂಡಿಗೆ ಸುರಿದಿದ್ದೇನೆ. ನಿನ್ನ ಕೆಲಸವೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ.

ಅವಳಿಗೆ ಈಗ ತಲೆ ಎಡಕ್ಕೆ ತಿರುಗುವುದಿಲ್ಲ. ಮೆಷಿನ್ನಿಗೆ ಅಡ್ಡಲಾಗಿ ಕೂತು ಹೊಲಿಯುತ್ತಾಳೆ. ದಿನಾ ಕೆಳಗೆ ಬಂದು ನಾನು ಊಟ ಮಾಡಿದೆನೋ ಇಲ್ಲವೋ ನೋಡಿ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಎಂದು ಮೊನ್ನೆ ಕೇಳಿದಳು. ನಿದ್ದೆಯಿಲ್ಲ ಎಂದು ಬರೆದುಕೊಟ್ಟೆ. ಮೂರು ದಿನದಿಂದ ನನಗೆ ಜ್ವರ.

ಈ ಸಲವಾದರೂ ನನ್ನ ಕಡೆ ನಿಲ್ಲು. ನೀನು ಅವಳಿಗೆ ಬರೆದರೆ ನನಗೆ ಅಕ್ಕ ಇದ್ದಳು ಎನ್ನುವುದನ್ನೇ ಮರೆಯುತ್ತೇನೆ.

ಮರಿ

ಏಪ್ರಿಲ್ 21

ಮಹಡಿಯ ಟೈಲರಮ್ಮನವರಿಗೆ ನಮಸ್ಕಾರ.

ನೀವು ಮಾರ್ಚಿನಲ್ಲಿ ನನ್ನನ್ನು ಒಂದು ಮಾತು ಕೇಳಿದ್ದಿರಿ. ಏಳು ವಾರ ಉತ್ತರ ಕೊಡಲಿಲ್ಲ. ಉತ್ತರ ಇಲ್ಲಿದೆ: ಅಲ್ಲ. ಅದು ಔಷಧ ಕೂತು ಕೆಲಸ ಮಾಡುತ್ತಿರುವುದಲ್ಲ. ನೀವು ಗೋಡೆಯ ಮೇಲೆ ಓದಿದ ಹಾಳೆ ನಾನು ಬರೆದದ್ದೇ. ಸೀಸೆಯಲ್ಲಿರುವ ವಸ್ತು ಯಾವುದೆಂದು ಅದು ಹೇಳುತ್ತಿತ್ತು. ಮೈಗೆ ಚುಚ್ಚಿಕೊಳ್ಳುವಷ್ಟು ಚೊಕ್ಕಟವೇ ಎಂದು ನಾನು ನೋಡಿರಲೇ ಇಲ್ಲ. ನೋಡಿಲ್ಲ ಎಂದು ಬರೆಯಲೂ ಇಲ್ಲ. ಅದರಲ್ಲಿ ಸುಳ್ಳು ಇರಲಿಲ್ಲ, ಆದರೆ ನೀವು ನಂಬಿದ್ದು ನಾನು ಬರೆಯದೆ ಬಿಟ್ಟದ್ದನ್ನು.

ಇನ್ನೊಂದು ಮಾತು, ಇದು ಹೆಚ್ಚು ಕಷ್ಟದ್ದು. ಈಚೆಗೆ ಏನಾದರೂ ಚುಚ್ಚಿಸಿಕೊಂಡಿದ್ದೀರಾ ಎಂದು ಡಾಕ್ಟರ್ ಕೇಳಿದ್ದರು. ಆ ಪ್ರಶ್ನೆ ನಿಮ್ಮವರೆಗೆ ಬರಲಿಲ್ಲ. ನನ್ನ ತಂಗಿ ಇಲ್ಲ ಎಂದುಬಿಟ್ಟಳು.

ಶನಿವಾರ ಕೊಯ್ಯುವ ಮೊದಲು ಜೊತೆಗಿರುವ ಎರಡನೆಯ ಹಾಳೆಯನ್ನು ಅವರ ಕೈಗೆ ಕೊಡಿ. ಏನು ಚುಚ್ಚಿದ್ದು, ಯಾವಾಗಿನಿಂದ, ನಿಧಾನವಾಗಿ ಬೆಳೆಯುವ ರೋಗಾಣುಗಳಿಗೆ ಯಾವ ಪರೀಕ್ಷೆ ಕೇಳಬೇಕು, ಎಲ್ಲವನ್ನೂ ಅದರಲ್ಲಿ ಬರೆದಿದ್ದೇನೆ. ತೆಗೆದ ಗಂಟನ್ನು ಎಸೆಯದೆ ಆ ಪರೀಕ್ಷೆಗೆ ಕಳಿಸಲೇಬೇಕು. ಸುಮ್ಮನೆ ಕೊಯ್ದು ಹೊಲಿದರೆ ಒಳಗಿನದು ಒಳಗೇ ಉಳಿಯಬಹುದು. ಡಾಕ್ಟರಿಗೆ ನಿಮ್ಮನ್ನೇ ಕೇಳಲು ಹೇಳಿ, ಚೀಟಿಯಲ್ಲಿ ಬರೆದು. ಇನ್ನು ಮುಂದೆ ನಿಮ್ಮ ಪರವಾಗಿ ಯಾರೂ ಮಾತಾಡುವುದು ಬೇಡ, ನಾನೂ ಸೇರಿದಂತೆ.

ನಾಳೆ ಬೆಳಿಗ್ಗೆ ನಮ್ಮ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿ, ನನ್ನಲ್ಲಿ ಉಳಿದಿರುವ ಒಂದು ಸೀಸೆಯನ್ನು ಸರಿಯಾದ ಪರೀಕ್ಷೆಗೆ ಒಪ್ಪಿಸುತ್ತೇನೆ. ಅವರು ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಅದರ ವರದಿ ನಿಮ್ಮ ಡಾಕ್ಟರಿಗೆ ಬೇಕಾಗುತ್ತದೆ. ಶುಕ್ರವಾರ ನಾನೇ ಬರುತ್ತೇನೆ. ಆದರೆ ಈ ಕಾಗದ ನನಗಿಂತ ಮೊದಲು ತಲುಪಬೇಕು. ಎದುರಿಗೆ ಬಂದರೆ ನಾನು ಮಾತನ್ನು ಮೆತ್ತಗೆ ಮಾಡಿಬಿಡುತ್ತೇನೆ. ಹಾಗೆ ಮಾಡಿಯೇ ಇಲ್ಲಿಗೆ ಬಂದದ್ದು.

ನಿಮ್ಮನ್ನು ಏನನ್ನೂ ಕೇಳಲು ನನಗೆ ಹಕ್ಕಿಲ್ಲ, ಆದರೂ ಕೇಳುತ್ತೇನೆ. ನನ್ನ ತಂಗಿಯ ಹೊಟ್ಟೆಯ ಮೇಲೂ ಅಂಥವೇ ಗಂಟುಗಳಿವೆ. ಅವಳಿಗೆ ಜ್ವರ. ನಾನು ಫೋನ್ ಮಾಡಿದರೆ ಎತ್ತುವುದಿಲ್ಲ. ಇದನ್ನು ಓದಿದ ಮೇಲೆ ಅವಳ ಮುಖ ನೋಡುವ ಮನಸ್ಸು ನಿಮಗೆ ಉಳಿದರೆ, ಡಾಕ್ಟರ ಹತ್ತಿರ ಹೋಗುವಾಗ ಅವಳನ್ನೂ ಎಳೆದುಕೊಂಡು ಹೋಗಿ. ನೀವು ಕರೆದರೆ ಬಂದಾಳು.

ಇದನ್ನು 25ಕ್ಕೆ ಮೊದಲು ಹಾಕುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. 25ಕ್ಕೆ ಹಾಕಿದರೆ ನಿಮ್ಮ ಕತ್ತಿಗೆ ಹೊಲಿಗೆ ಬಿದ್ದ ಮೇಲೆ ತಲುಪುತ್ತದೆ. ಆ ಮಾತನ್ನು ಮುರಿಯುತ್ತಿದ್ದೇನೆ.

ನಿಮ್ಮ ಕ್ಷಮೆಯನ್ನು ಕೇಳದ,
ಪಾರ್ಲರಿನವಳ ಅಕ್ಕ

ಅಂಚೆಗೆ ಹಾಕುವ ದಿನ: ಏಪ್ರಿಲ್ 21, ಸೋಮವಾರ, ಇಂದೇ.